ಹೆಸರು ಬೇಡವೆಂದ ಮೇಷ್ಟ್ರು

ಅವರ ಕರಿಯ ಕೋಟಿನ ಎಡಜೇಬು ಬಲಜೇಬಿಗಿಂತ ನಾಲ್ಕು ಬೆರಳಷ್ಟು ಕೆಳಕ್ಕೆ ಜೋತುಬಿದ್ದಿರುತ್ತಿತ್ತು. ಅದರ ತುಂಬ ಹುಣಿಸೆಬೀಜ. ಕೆಲವನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದರು, ಉಳಿದವು ಕಪ್ಪಾಗಿಯೇ ಇದ್ದವು. ಬೆಂಗಳೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೊದಲ ತರಗತಿಗೆ ಬಂದ ದಿನ ಅವರು ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ. ಬೀಜಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ಸುರಿದು ನಮ್ಮ ಮುಂದೆ ಹಿಡಿದರು. ಒಬ್ಬೊಬ್ಬರೂ ಒಂದು ಹಿಡಿ ತೆಗೆದು ಎಣಿಸಿ, ಇಡೀ ಚೀಲದಲ್ಲಿ ನೂರಕ್ಕೆ ಎಷ್ಟು ಬಿಳಿಯವು ಎಂದು ಅಂದಾಜು ಹೇಳಬೇಕಿತ್ತು.

ನಾನು ನಲವತ್ತು ಎಂದೆ.

"ಎಷ್ಟು ತಪ್ಪಿರಬಹುದು?" ಎಂದು ಕೇಳಿದರು.

ತಪ್ಪಿಲ್ಲ ಸರ್, ಸರಿಯಾಗಿಯೇ ಎಣಿಸಿದ್ದೇನೆ ಎಂದೆ. ತರಗತಿ ನಕ್ಕಿತು. ಅವರು ನಗಲಿಲ್ಲ. "ಎಣಿಸಿದ್ದು ನಿನ್ನ ಹಿಡೀನ. ನಾನು ಕೇಳಿದ್ದು ಚೀಲದ ವಿಚಾರ. ಎಷ್ಟು ತಪ್ಪಬಹುದು ಅಂತ ಹೇಳೋಕೆ ಬಂದ್ರೆ ಅದು ತಪ್ಪಲ್ಲ ಕಣಮ್ಮ. ಅದನ್ನ ಹೇಳದೆ ಇರೋದೇ ತಪ್ಪು."

ಮೊದಲ ಒಂದೂವರೆ ತಿಂಗಳು ಹೀಗೇ ನಡೆಯಿತು. ಒಂದೇ ಬೆಂಚನ್ನು ಹತ್ತು ಜನರಿಂದ ಅಳೆಸುವರು, ಹತ್ತು ಉತ್ತರ ಬರುವುದು, ಯಾಕೆ ಬಂತು ಎಂದು ವಾದ ಮಾಡಿಸುವರು. ನಾವು ನಮ್ಮ ಮಾತಿನಲ್ಲಿ ವಿವರಿಸಿ ಸೋತ ಮೇಲೆಯೇ ಸೂತ್ರ ಬೋರ್ಡಿಗೆ ಬರುತ್ತಿತ್ತು. ಆಗ ಅದು ಹೊಸದೆನಿಸುತ್ತಿರಲಿಲ್ಲ, ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಬೇರೆ ಯಾರೋ ಆಡಿದಂತಿರುತ್ತಿತ್ತು. ಯಾರಾದರೂ ಸರಾಸರಿಯೊಂದನ್ನು ಹೆಮ್ಮೆಯಿಂದ ಓದಿದರೆ ಅವರ ಪ್ರಶ್ನೆ ಒಂದೇ: "ಯಾರನ್ನ ಕೇಳಿದ್ರಿ ಅನ್ನೋದನ್ನ ಮೊದಲು ಹೇಳಿ. ಏನ್ ಬಂತು ಅನ್ನೋದು ಆಮೇಲೆ."

ಅವರು ಶ್ರೀನಿವಾಸಪುರದ ಕಡೆಯವರು. ಯಲ್ದೂರಿನ ಹತ್ತಿರ ಮಾವಿನ ತೋಪಿತ್ತು. ಮನೆಮಾತು ತೆಲುಗು. ಪಾಠ ಮಾಡುವಾಗ ಕನ್ನಡ, ಇಂಗ್ಲಿಷು. ಸಿಟ್ಟು ಬಂದರೆ ಮಾತ್ರ ತೆಲುಗು, ಅದೂ ಎರಡು ಮಾತು, ಅಷ್ಟೆ. ನಾನು ಮುಳಬಾಗಿಲಿನವಳಾದ್ದರಿಂದ ನನಗೆ ಅದು ಅರ್ಥವಾಗುತ್ತಿತ್ತು. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ನಾನು.

ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ರೈತರು ಬೆಳೆದ ರಾಗಿಯಲ್ಲಿ ಇಷ್ಟು ಪಾಲು ಸರ್ಕಾರಕ್ಕೆ ಒಪ್ಪಿಸಬೇಕೆಂದು ಲೆವಿ ಹಾಕಿದ್ದರು. ಒಂದು ಮನೆಯ ಊಟಕ್ಕೆ ನಿಜವಾಗಿ ಎಷ್ಟು ರಾಗಿ ಬೇಕು, ಬೆಳೆದದ್ದು ಎಲ್ಲಿಯವರೆಗೆ ಬರುತ್ತದೆ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಸುಗಟೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ನಾವೇ ಅದನ್ನು ಲೆಕ್ಕ ಹಾಕಬೇಕೆಂದು ಮೇಷ್ಟ್ರು ಹೇಳಿದರು. ನನ್ನನ್ನು ಕಳಿಸುವುದಿಲ್ಲ ಎಂದು ಅಪ್ಪ ಕಾಗದ ಬರೆದರು. ಮೇಷ್ಟ್ರು ಮುಳಬಾಗಿಲಿಗೇ ಬಂದು ನಮ್ಮ ಜಗಲಿಯ ಮೇಲೆ ಕೂತರು.

"ಗಂಡಸರು ಹೊರಗೆ ಕೂತು ಹೇಳೋ ಲೆಕ್ಕ ಒಂದು ಸ್ವಾಮಿ. ಒಳಗೆ ಹೆಂಗಸರಿಗೆ ಗೊತ್ತಿರೋದು ಇನ್ನೊಂದು. ನಿಮ್ಮ ಮಗಳು ಬರದಿದ್ರೆ ನನಗೆ ಅರ್ಧ ಊರೇ ಸಿಗೋದಿಲ್ಲ. ನನ್ನ ಹೆಂಡತೀನೂ ಜೊತೆಗೆ ಬರ್ತಾಳೆ."

ಅಪ್ಪ ಒಪ್ಪಿದರು.

ಬೌರಿಂಗ್‌ಪೇಟೆಯಲ್ಲಿ ಪುಟ್ಟ ರೈಲು ಹತ್ತಿ ಕೋಲಾರಕ್ಕೆ ಬಂದು, ಅಲ್ಲಿಂದ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೊರಟೆವು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಊರಿನ ಮನೆಗಳಿಗೆಲ್ಲ ಅಂಕಿ ಕೊಟ್ಟು, ಚೀಟಿ ಎತ್ತಿ, ಯಾರು ಯಾವ ಮನೆಗೆ ಎಂದು ಮೇಷ್ಟ್ರು ಗೊತ್ತುಮಾಡಿದರು. ಅವರ ನಿಯಮ ಎರಡೇ. ಚೀಟಿಯಲ್ಲಿ ಬಂದ ಮನೆ ಬಿಟ್ಟು ಬೇರೆ ಮನೆಗೆ ಹೋಗಕೂಡದು. ಯಾರ ಹೆಸರನ್ನೂ ಬರೆಯಕೂಡದು. ಸಂಜೆ ಅರಳಿಕಟ್ಟೆಯ ಹತ್ತಿರ ಊರವರನ್ನು ಸೇರಿಸಿ ಅವರೇ ಹೇಳಿದರು: "ನಿಮ್ಮ ಹೆಸರು ನಮಗೆ ಬೇಡ. ಯಾವ ಕಚೇರಿಗೂ ಹೋಗಲ್ಲ. ನಿಜ ಹೇಳಿ, ಸಾಕು."

ನನಗೆ ಬಂದ ಮನೆಗಳಲ್ಲಿ ಒಂದು ಕೆರೆಯ ಏರಿಯಾಚೆಯ ಕೇರಿಯಲ್ಲಿತ್ತು. ನಮ್ಮ ಮನೆಯವರು ಯಾರೂ ಅಂಥ ಕೇರಿಯೊಳಗೆ ಕಾಲಿಟ್ಟವರಲ್ಲ. ಏರಿಯವರೆಗೆ ಹೋದೆ. ನಿಂತೆ. ಹಿಂತಿರುಗಿದೆ. ಚೀಟಿಯ ಮೇಲೆ "ಮನೆಗೆ ಬೀಗ ಹಾಕಿತ್ತು" ಎಂದು ಬರೆದು ಕೊಟ್ಟೆ.

ಮೇಷ್ಟ್ರು ಚೀಟಿ ಓದಿ ನನ್ನ ಮುಖ ನೋಡಿದರು.

"ಆ ಕೇರಿಗೆ ಬೆಳಿಗ್ಗೆ ನಾನು ಹೋಗಿ ಬಂದೆ. ಅಲ್ಲಿ ಇರೋದೆಲ್ಲ ತಡಿಕೆ. ಬೀಗ ಹಾಕೋಕೆ ಬಾಗಿಲು ಎಲ್ಲಿ ಸಿಕ್ತು ನಿನಗೆ?"

ಮಾಲೂರಿನ ಸಹಪಾಠಿಯೊಬ್ಬ ಪಕ್ಕದಲ್ಲೇ ನಿಂತಿದ್ದ. ನನಗೆ ಕಣ್ಣು ಎತ್ತಲಾಗಲಿಲ್ಲ. ಮೇಷ್ಟ್ರು ತೆಲುಗಿನಲ್ಲಿ "ನಡುವಮ್ಮಾ" ಎಂದರು. ನಡೆ ಎಂದು. ಮುಂದೆ ಅವರು, ಹಿಂದೆ ನಾನು, ಏರಿಯ ಮೇಲೆ ಹೋದೆವು.

ಗುಡಿಸಿಲಿನ ಮುಂದೆ ಒಬ್ಬ ಹೆಂಗಸು ಮೊರದಲ್ಲಿ ಕಾಳು ಕೇರುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ಮೇಷ್ಟ್ರು ನೆಲದ ಮೇಲೆಯೇ ಕೂತರು. ನಾನೂ ಕೂತೆ.

"ಇಲ್ಲೇ ಕುಂತ್ಕೊಂತೀರೇನಮ್ಮಾ?" ಎಂದಳು ಆಕೆ, ನಂಬದವಳಂತೆ.

ರಾಗಿ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆ. "ಯುಗಾದಿಗಂಟ ಬಂದ್ರೆ ದೊಡ್ಡದು. ಆಮ್ಯಾಕೆ ಕೂಲಿ ಕಾಳು. ಕೂಲಿ ಇಲ್ದ ದಿನ ಸೊಪ್ಪು, ಇಲ್ಲಾಂದ್ರೆ ನೀರು ಕುಡ್ದು ಮಲಗೋದು. ಇದನ್ನೂ ಬರ್ಕೊಂತೀರಾ?"

"ಬರ್ಕೊಂತಾರೆ" ಎಂದರು ಮೇಷ್ಟ್ರು.

ಮರುದಿನದಿಂದ ನಾನು ಯಾವ ಮನೆಯನ್ನೂ ಬಿಡಲಿಲ್ಲ. ಅಡಿಗೆಮನೆಗಳಲ್ಲಿ ಕೂತು ಕೇಳಿದೆ. ಹೆಂಗಸರು ಹೇಳಿದರು, ಗಂಡಸರು ಹೇಳದಿದ್ದುದನ್ನೂ ಹೇಳಿದರು. ಕೆಲವರು ನೆಲದಡಿಯ ಹಗೇವಿನಲ್ಲಿ ಲೆವಿಗೆ ತೋರಿಸದ ರಾಗಿ ಮುಚ್ಚಿಟ್ಟಿದ್ದರು. "ಹೆಸ್ರು ಬರ್ಯಲ್ಲ ಅಂದವ್ರಲ್ಲ ನಿಮ್ಮ ಮೇಷ್ಟ್ರು" ಎಂದು ಅದರ ಅಳತೆಯನ್ನೂ ಕೊಟ್ಟರು. ಆದರೆ ಮೇಷ್ಟ್ರು ಮತ್ತೆ ನನ್ನನ್ನು ಅನುಮಾನಿಸಿಯಾರೆಂಬ ಭಯ ನನಗೆ. ಪ್ರತಿ ಸಂಜೆ ನನ್ನ ನೋಟುಪುಸ್ತಕದಲ್ಲಿ ಒಂದೊಂದು ಮನೆಯ ಎದುರಿಗೂ ಯಜಮಾನನ ಹೆಸರನ್ನು ಬರೆದಿಟ್ಟೆ.

ಬೆಂಗಳೂರಿಗೆ ಬಂದ ಮೇಲೆ ಪುಸ್ತಕ ತಿರುವಿಹಾಕುತ್ತ ಮೇಷ್ಟ್ರು ತಡೆದು ನಿಂತರು.

"ಇದನ್ನ ಯಾಕಮ್ಮ ಬರೆದೆ?"

"ನಾನು ನಿಜವಾಗಿ ಹೋಗಿದ್ದೆ ಅಂತ ನಿಮಗೆ ಗೊತ್ತಾಗ್ಲಿ ಅಂತ, ಸರ್."

ಪುಸ್ತಕ ಮುಚ್ಚಿದರು. "ಆವತ್ತು ಎಲ್ಲರೆದುರಿಗೆ ನಿನ್ನನ್ನ ಅಷ್ಟು ನಾಚಿಸಬಾರದಾಗಿತ್ತು" ಎಂದರು. ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದರು.

ನಮ್ಮ ಲೆಕ್ಕವನ್ನು ದೊಡ್ಡ ಹಾಳೆಯ ಮೇಲೆ ಬರೆದು ಕಾಲೇಜಿನ ಗೋಡೆಗೆ ಹಾಕಿದ್ದೆವು. ಊರಿನ ಅರ್ಧದಷ್ಟು ಮನೆಗಳಲ್ಲಿ ಯುಗಾದಿಗೆ ಮೊದಲೇ ರಾಗಿ ಮುಗಿಯುತ್ತದೆ ಎಂಬುದೂ ಅದರಲ್ಲಿತ್ತು. ಒಟ್ಟು ದಾಸ್ತಾನು ಊರವರು ಘೋಷಿಸಿದ್ದಕ್ಕಿಂತ ಹೆಚ್ಚು ಎಂಬುದೂ ಇತ್ತು. ಮೇಷ್ಟ್ರು ಎರಡನೆಯದನ್ನು ಬಿಟ್ಟುಬಿಡಬಹುದಾಗಿತ್ತು, ಬಿಡಲಿಲ್ಲ. ಕಾಲೇಜಿನ ಸಮಾರಂಭಕ್ಕೆ ಬಂದಿದ್ದ ಧಾನ್ಯ ವಸೂಲಿಯ ಅಧಿಕಾರಿಯೊಬ್ಬರು ಅದನ್ನೇ ಓದಿದರು. ಯಾವ ಮನೆಗಳು ಎಂದು ಕೇಳಿದರು. ಮಾಲೂರಿನ ಹುಡುಗ ನನ್ನನ್ನು ಹೊಗಳುವುದಕ್ಕೆಂದೇ, "ಈಕೆ ಹೆಸರು ಸಮೇತ ಬರೆದಿದ್ದಾಳೆ ಸಾರ್" ಎಂದ.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ನನಗೂ ಮೇಷ್ಟ್ರಿಗೂ ಕರೆ ಬಂತು.

"ಆ ಪುಸ್ತಕ ಎಲ್ಲಿದೆ?" ಎಂದರು ಅಧಿಕಾರಿ.

"ನನ್ನ ಹತ್ರ ಇದೆ."

"ಕೊಡಿ."

"ಕೊಡೋದಿಲ್ಲ."

"ನೀವು ಸರ್ಕಾರಿ ನೌಕರರು, ನೆನಪಿದೆಯಾ?"

"ಇದೆ ಸ್ವಾಮಿ. ಅದಕ್ಕೇ ಇಲ್ಲ ಅಂತ ಸುಳ್ಳು ಹೇಳ್ಲಿಲ್ಲ. ಆದರೆ ಆ ಜನಕ್ಕೆ ಒಂದು ಮಾತು ಕೊಟ್ಟಿದ್ದೀನಿ. ಇದನ್ನ ಕೊಟ್ರೆ ಇನ್ನು ಐವತ್ತು ವರ್ಷ ಆ ಸೀಮೇಲಿ ಯಾರೂ ಯಾರಿಗೂ ನಿಜ ಹೇಳೋದಿಲ್ಲ. ಆಮೇಲೆ ನಿಮ್ಮ ಕಚೇರಿ ಯಾವ ಅಂಕಿ ಇಟ್ಕೊಂಡು ಲೆವಿ ಹಾಕತ್ತೆ?"

ಪ್ರಿನ್ಸಿಪಾಲರು ಒಳ್ಳೆಯವರು, ದಾರಿ ಹುಡುಕುತ್ತಿದ್ದರು. ನನ್ನ ಕಡೆ ತಿರುಗಿ, "ಹೆಸರು ಬರೆಯೋಕೆ ಹೇಳಿದ್ದು ಯಾರು?" ಎಂದರು. ಬೇಡವೆಂದರೂ ನಾನೇ ಬರೆದೆ ಎಂದಿದ್ದರೆ ಮೇಷ್ಟ್ರ ಮೇಲಿನ ಭಾರ ಸ್ವಲ್ಪ ಇಳಿಯುತ್ತಿತ್ತೇನೋ. ನಾನು ಬಾಯಿ ತೆರೆಯುವ ಮೊದಲೇ ಅವರು, "ತರಗತಿ ನನ್ನದು" ಎಂದರು. ನಾನು ತೆರೆಯಬೇಕೆಂದಿದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಸುಮ್ಮನೆ ನಿಂತಿದ್ದೆ.

ತಿಂಗಳೊಳಗೆ ಅವರನ್ನು ದೂರದ ಊರೊಂದರ ಮಿಡ್ಲ್‌ಸ್ಕೂಲಿಗೆ ವರ್ಗ ಮಾಡಿದರು. ಅವರ ಜಾಗಕ್ಕೆ ಬಂದವರು ನೋಟ್ಸ್ ಹೇಳಿ ಬರೆಸಿದರು. ಆ ವರ್ಷ ಫಲಿತಾಂಶ ಚೆನ್ನಾಗಿಯೇ ಬಂತು, ನಾನೂ ಒಳ್ಳೆಯ ದರ್ಜೆಯಲ್ಲಿ ಪಾಸಾದೆ. ಆ ಹಳ್ಳಿಯಲ್ಲಿ ಯಾವ ಮನೆಯ ನೆಲವನ್ನೂ ಯಾರೂ ಅಗೆಯಲಿಲ್ಲ ಎಂದು ಕೇಳಿದೆ.

ಕೆಲವು ವರ್ಷಗಳ ನಂತರ, ನಾನು ಅದೇ ವಿಷಯದ ಪಾಠ ಹೇಳಲು ಸೇರಿದ ಮೇಲೆ, ಅವರು ಕಾಯಿಲೆಯಿಂದ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆಂದು ತಿಳಿದು ಯಲ್ದೂರಿಗೆ ಹೋದೆ. ತೋಪಿನಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದರು. ಮೈ ಇಳಿದುಹೋಗಿತ್ತು. ಪುಸ್ತಕ ಏನಾಯಿತೆಂದು ಕೇಳಿದೆ.

"ಪ್ರಿನ್ಸಿಪಾಲರ ಕೋಣೆಯಿಂದ ಮನೆಗೆ ಹೋದವನೇ ಹಂಡೆ ಒಲೆಗೆ ಹಾಕ್ದೆ. ಅಂಕಿಗಳನ್ನ ಮೊದಲು ನಕಲು ಮಾಡ್ಕೊಂಡೆ ಅನ್ನು."

ಆಮೇಲೆ ನಾನು ಅಷ್ಟು ವರ್ಷ ಹೊತ್ತಿದ್ದುದನ್ನು ಹೇಳಿದೆ. ಆ ಕೋಣೆಯಲ್ಲಿ ಮಾತಾಡಬೇಕಾಗಿತ್ತು ಸರ್, ಆಡಲಿಲ್ಲ.

ಅವರು ಮಾವಿನ ಎಲೆಗಳ ಕಡೆ ನೋಡುತ್ತ ಸ್ವಲ್ಪ ನಕ್ಕರು. "ಪೋನೀ ಬಿಡಮ್ಮ. ನೀನು ಮಾತಾಡಿದ್ರೆ ಇಬ್ಬರೂ ಹೋಗ್ತಿದ್ವಿ. ಈಗ ಎರಡರಲ್ಲಿ ಒಂದು ಉಳೀತು. ಕೆಟ್ಟ ಲೆಕ್ಕ ಅಲ್ಲ." ಉಸಿರು ತೆಗೆದುಕೊಂಡು, "ಪಾಠ ಹೇಗೆ ಶುರು ಮಾಡ್ತೀಯ?" ಎಂದರು. ನಾನು ಹೇಳಿದೆ. ಎರಡು ಕಡೆ ತಿದ್ದಿದರು.

ಮಳೆಗಾಲದ ಮೊದಲಲ್ಲಿ ಅವರ ಹೆಂಡತಿಯ ಕಾರ್ಡು ಬಂತು. ಮೇಷ್ಟ್ರು ತೀರಿಹೋಗಿ ಹತ್ತು ದಿನವಾಗಿತ್ತು. ಆ ದಿನ ನನಗೆ ಎರಡು ತರಗತಿಗಳಿದ್ದವು, ಎರಡನ್ನೂ ತೆಗೆದುಕೊಂಡೆ. ಎರಡನೆಯದರಲ್ಲಿ ಪಾಠ ಬೇಗ ಮುಗಿಯಿತು. ಉಳಿದ ಹೊತ್ತಿನಲ್ಲಿ, ಮೇಷ್ಟ್ರು ಏಕೆ ಕಾಲೇಜು ಬಿಟ್ಟರು, ಆಗ ಅವರ ಪಕ್ಕದಲ್ಲಿ ಯಾರು ಬಾಯಿ ಮುಚ್ಚಿಕೊಂಡು ನಿಂತಿದ್ದರು ಎಂಬುದನ್ನು ಹೇಳಿದೆ. ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ. ನಾನೇ ಮೊದಲು ಹೊರಗೆ ಬಂದೆ.