ಎಡೆಯ ಮುಂದೆ ಕುಳಿತ ಎದುರುಮನೆ ಅಕ್ಕ

ಅಡುಗೆ ಪುಸ್ತಕದ ಹಾಳೆಗಳು ಬಿಟ್ಟುಕೊಂಡಿವೆಯೆಂದು ಮೊನ್ನೆ ಅಂಟು ಹಚ್ಚಲು ಕುಳಿತೆ. ನಡುವಿನಿಂದ ಅರ್ಧ ಫೋಟೊ ಜಾರಿತು. ಮದುವೆಯದು. ಹೆಣ್ಣಿನ ಭಾಗ ಮಾತ್ರ ಇದೆ: ಬಾಸಿಂಗ, ತಗ್ಗಿಸಿದ ಕಣ್ಣು, ಅಂಚಿನಲ್ಲಿ ಗಂಡಿನ ಶಲ್ಯದ ಒಂದಿಷ್ಟು ಜರಿ. ಕತ್ತರಿ ಹಾಕಿದವಳು ನಾನೇ. ಉಳಿದರ್ಧ ಕೋರ್ಟಿನ ಅಮೀನರ ಜೇಬಿಗೆ ಹೋಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಕೆ.ಆರ್. ಪೇಟೆಯಲ್ಲಿದ್ದೆವು. ಎದುರುಮನೆ ಅಕ್ಕ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಅವರ ಗಂಡ ಮದುವೆಯಾದ ವರ್ಷವೇ ಮಸ್ಕತ್ತಿಗೆ ಹೋದವನು. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆಂದು ಅಲ್ಲಿಂದ ಬಂದವರು ಹೇಳಿದ್ದರು. ಅಕ್ಕ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷಿನಲ್ಲಿ ವಿಳಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವಿಳಾಸವಾದರೂ ಏನು... ಒಂದು ಅಂಚೆ ಪೆಟ್ಟಿಗೆಯ ನಂಬರು, ಅಷ್ಟೆ. ಮನೆಯಿಲ್ಲ, ಬೀದಿಯಿಲ್ಲ. ಮೂರು ಸಲ ರಿಜಿಸ್ಟರ್ ಪೋಸ್ಟಿನಲ್ಲಿ ಹೋದ ನೋಟೀಸು ಮೂರು ಸಲವೂ ಒಡೆಯದೆ ವಾಪಸಾಯಿತು. ಅವನು ಊರಿಗೆ ಬಂದಾಗ ಕೋರ್ಟಿನ ಅಮೀನರಿಂದ ಕೈಗೇ ಕೊಡಿಸಬೇಕು, ಇಲ್ಲದಿದ್ದರೆ ಕೇಸು ಇನ್ನೆಷ್ಟು ವರ್ಷ ಎಳೆಯುತ್ತದೋ ಹೇಳಲಾಗದು ಎಂದರು ವಕೀಲರು.

"ಇನ್ನೊಂದು ಮದ್ವೆ ಆಗಕ್ಕಲ್ಲ ಕಣ್ ತಂಗ್ಯವ್ವ," ಎಂದಿದ್ದರು ಅಕ್ಕ ಒಮ್ಮೆ, ಸೂಜಿಗೆ ದಾರ ಪೋಣಿಸುತ್ತ. "ನಿನ್ ಗಂಡ ಎಲ್ಲವ್ನೆ, ಯಾವಾಗ ಬತ್ತಾನೆ ಅಂತ ಕೇಳ್ದೋರ್ಗೆಲ್ಲ ಏನಾರ ಒಂದು ಏಳೀ ಏಳೀ ಸಾಕಾಗೋಯ್ತು."

ಅಷ್ಟರಲ್ಲಿ ಅಕ್ಕನ ಮಾವ ತೀರಿಕೊಂಡರು. ಹಿರಿಯ ಮಗ, ಅಂದರೆ ಅಕ್ಕನ ಗಂಡ, ಮಸ್ಕತ್ತಿನಿಂದ ಬಂದ. ಹನ್ನೊಂದನೇ ದಿನ ತಿಥಿ, ಅದೇ ಸಂಜೆ ಅವನ ಪ್ರಯಾಣ. ಅಪ್ಪನ ಎಡೆ ಮುಗಿಯುವವರೆಗೆ ಮಾತ್ರ ಅವನು ಎಲ್ಲಿಗೂ ಹೋಗುವಂತಿರಲಿಲ್ಲ.

ಆ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿದೆ, ಮಗಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದೆ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಒಗ್ಗರಣೆ ಸೀದಿತ್ತು. ಒಂಬತ್ತಕ್ಕೆ ಅಕ್ಕನ ಜೊತೆ ಸಂತೆಬಾಚಹಳ್ಳಿ ಕಡೆಯ ಬಸ್ಸು ಹತ್ತಿದೆ. ಅಮೀನರು ಅದೇ ಬಸ್ಸಿನಲ್ಲಿ ಎರಡು ಸೀಟು ಮುಂದೆ ಕುಳಿತಿದ್ದರು, ಮಡಿಲಲ್ಲಿ ಚೀಲ. ನಾವು ಅವರ ಪರಿಚಯವಿಲ್ಲದವರಂತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದೆವು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ತಿಥಿ ಮನೆಯ ಅಂಗಳದಲ್ಲಿ ಶಾಮಿಯಾನ. ಅಕ್ಕನನ್ನು ಕಂಡದ್ದೇ ಅತ್ತೆ ಕೈ ಹಿಡಿದರು. "ಬಂದ್ಯಾ? ಇರೀ ಸೊಸೆ ಇಲ್ದೆ ಎಡೆ ಎಂಗಿಕ್ಕಾದು? ಅವನ ಪಕ್ಕ ಕೂತ್ಕೊ, ನೆಂಟ್ರೆಲ್ಲ ನೋಡ್ತಾವ್ರೆ."

"ನಾನು ಒಲೆ ತಾವು ಇರ್ತೀನಿ ಬುಡಿ ಅತ್ತೆ," ಎಂದು ಅಕ್ಕ ಒಳಗೆ ಹೋಗಿಬಿಟ್ಟರು.

ನಾನು ನೀರಿನ ಹಂಡೆಯ ಬಳಿ ನಿಂತಿದ್ದೆ. ಅಮೀನರು ಲೋಟ ಹಿಡಿದು ಬಂದರು. "ಯಾರಮ್ಮ ಇವ್ರಲ್ಲಿ?" ಎಂದರು, ತುಟಿ ಅಲ್ಲಾಡಿಸದೆ. ನೋಡಿದರೆ, ಮಕ್ಕಳು, ದಾಯಾದಿಗಳು ಸೇರಿ ಐದು ಜನ ತಲೆ ಬೋಳಿಸಿ, ಮೀಸೆ ತೆಗೆಸಿ, ಒಂದೇ ತರದ ಬಿಳಿ ಪಂಚೆಯುಟ್ಟು ಕೂತಿದ್ದಾರೆ. ನಾವು ಕೊಟ್ಟ ಫೋಟೊದಲ್ಲಿ ಪೊದೆ ಮೀಸೆ, ತಲೆ ತುಂಬ ಕ್ರಾಪು. ಇದೊಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. "ಬೇರೆಯವ್ನ ಕೈಗೆ ಕೊಟ್ರೆ ನನ್ ಕೆಲ್ಸ ಓಯ್ತದೆ, ನಿಮ್ ಕೇಸೂ ಓಯ್ತದೆ," ಎಂದರು ಅಮೀನರು. ನಾನೂ ಅವನನ್ನು ಎಂದೂ ಕಂಡವಳಲ್ಲ. ಹೊರಗೆ ಬಾಡಿಗೆ ಕಾರಿಗೆ ಯಾರೋ ಪೆಟ್ಟಿಗೆ ಏರಿಸುತ್ತಿದ್ದರು.

ಒಳಗೆ ಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. ಅವರು ಮುದ್ದೆ ಕಟ್ಟುತ್ತಿದ್ದರು. ಕೈಯಲ್ಲಿದ್ದದ್ದನ್ನು ಪೂರ್ತಿ ಉಂಡೆ ಮಾಡಿ ತಟ್ಟೆಗಿಟ್ಟರು. ಕೈ ತೊಳೆದರು.

"ನಾನು ಯಾರ ಪಕ್ಕ ಕೂತ್ಕತೀನೋ ಅವ್ನೇ ಅಂತ ಏಳು."

ಎಡೆಯಲ್ಲಿ ಮುದ್ದೆ, ಸಾರು, ವಡೆ, ಹಿರಿಯರಿಗೆ ಇಷ್ಟವಾಗಿದ್ದ ಒಂದು ಕಟ್ಟು ಬೀಡಿ. ಅಕ್ಕ ನೆರಿಗೆ ಸರಿಮಾಡಿಕೊಂಡು ಐವರಲ್ಲಿ ನಡುವಿನವನ ಪಕ್ಕ ಕುಳಿತರು. ಅವನು ಕರ್ಪೂರ ಬೆಳಗುವಾಗ ಹೆಂಡತಿ ಅವನ ತೋಳು ಮುಟ್ಟಿಕೊಂಡಿರಬೇಕು, ಅದು ಪದ್ಧತಿ. ಮುಟ್ಟಿದರು. ಎರಡೇ ಬೆರಳು. ಅವನು ತಿರುಗಿ ಏನೋ ಅಂದು ನಕ್ಕ, ಅಕ್ಕ ತಲೆಯೆತ್ತಲಿಲ್ಲ. ಪೂಜೆಯ ಹೊತ್ತಿನಲ್ಲಿ ಇಂಥದಕ್ಕೆ ಕೈಹಾಕಿದ್ದೇವಲ್ಲ ಎಂದು ನನಗೆ ಒಂದು ಕಡೆ ಅಳುಕು, ಕಾರು ಹೊರಟುಬಿಟ್ಟರೆ ಎಂದು ಇನ್ನೊಂದು ಕಡೆ...

ಎಡೆಯಿಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಸತ್ತವರು ಬಂದು ಉಣ್ಣುವ ಹೊತ್ತು. ಆಗ ಯಾರೂ ದನಿಯೆತ್ತಬಾರದು. ಅಮೀನರು ಕಾದಿದ್ದು ಅದಕ್ಕೇ ಇರಬೇಕು. ಮೆಲ್ಲನೆ ಅವನ ಮುಂದೆ ಹೋಗಿ ಹೆಸರು ಕೇಳಿದರು, ಕಾಗದ ಚಾಚಿದರು.

ಅವನ ಮುಖ ಕಪ್ಪಿಟ್ಟಿತು. "ತಗೊಳಲ್ಲ ಅಂದ್ರೆ?" ಎಂದ, ಹಲ್ಲು ಕಚ್ಚಿಕೊಂಡು.

"ತಗೊಳಲ್ಲ ಅಂದ್ರು ಅಂತ ಬರ್ಕತೀನಿ ಸ್ವಾಮಿ. ಸಾಕ್ಷಿಗೆ ಇಡೀ ಊರೇ ಅದೆ."

ಅವನು ಮುಚ್ಚಿದ ಬಾಗಿಲನ್ನೊಮ್ಮೆ, ಜನರನ್ನೊಮ್ಮೆ ನೋಡಿದ. ಕೂಗುವಂತಿಲ್ಲ; ಒಳಗೆ ಅಪ್ಪ ಉಣ್ಣುತ್ತಿದ್ದಾನೆ. ಕಂಬಕ್ಕೆ ಕಾಗದವೊತ್ತಿ ಸಹಿ ಹಾಕಿದ.

"ಇದ್ಕೇ ಕೂತ್ಕಂಡ್ಯೇನೇ?" ಅತ್ತೆ ಅಕ್ಕನ ಹತ್ತಿರ ಬಂದು ಪಿಸುಗುಟ್ಟಿದರು.

"ಊ ಕಣತ್ತೆ, ಇದ್ಕೇ. ಮಾವನ್ಗೆ ಕೈ ಮುಗ್ದದ್ದು ಮಾತ್ರ ಮಾವನ್ಗೇ," ಎಂದರು ಅಕ್ಕ. ಬಾಗಿಲು ತೆರೆಯುವ ಮೊದಲೇ ನಾವು ಹೊರಟೆವು, ಆದರೂ ಒಂದು ಬಸ್ಸು ತಪ್ಪಿತು; ಮುಂದಿನದು ಸಂಜೆಗೇ. ಬಸ್ಸಿನಲ್ಲಿ ಅಕ್ಕ ಆ ಎರಡು ಬೆರಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

ತೀರ್ಪಿಗೆ ಮತ್ತೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಯಜಮಾನರಿಗೆ ವರ್ಗವಾಗಿ ನಾವು ಊರು ಬಿಟ್ಟಿದ್ದೆವು. ಅಕ್ಕನಿಂದ 'ಆಯ್ತು' ಎಂದು ಒಂದೇ ಮಾತಿನ ಕಾರ್ಡು ಬಂತು. ಉತ್ತರ ಬರೆದೆನೋ, ನಾಳೆ ಬರೆಯೋಣವೆಂದುಕೊಂಡೆನೋ... ಅಕ್ಕ ಹೋಗಿ ನಾಲ್ಕು ವರ್ಷವಾಯಿತಂತೆ. ನನಗೆ ತಿಳಿದದ್ದು ಹೋದ ವರ್ಷ. ಅವರ ಎಡೆಗೆ ಯಾರು ಕೂತರು, ಇಷ್ಟದ್ದೆಂದು ಏನಿಟ್ಟರು? ಕೇಳೋಣವೆಂದರೆ ಆ ಬೀದಿಯಲ್ಲಿ ನನಗೆ ಗೊತ್ತಿದ್ದವರು ಈಗ ಒಬ್ಬರೂ ಇಲ್ಲ.

ತಿಥಿಯ ದಿನ ಸಂಜೆ ನಾವು ನಮ್ಮ ಬೀದಿಗೆ ಕಾಲಿಡುವಾಗ ದೀಪ ಹಚ್ಚುವ ಹೊತ್ತು. ಸುದ್ದಿ ನಮಗಿಂತ ಮುಂಚಿನ ಬಸ್ಸಿನಲ್ಲೇ ಬಂದಿತ್ತು, ಅದೂ ಅರ್ಧ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತದೆ ಅಕ್ಕನಿಗೆ ಹೇಳಿದರು: "ಗಂಡನ ಪಕ್ಕ ಕೂತ್ಕಂಡು ಎಡೆ ಇಕ್ಕಿದ್ಯಂತೆ. ಅಂತೂ ಒಂದಾದ್ರಲ್ಲ, ಒಳ್ಳೇದಾಯ್ತು ಬುಡು. ನಲ್ಲೀಲಿ ನೀರು ಬತ್ತಾದೆ, ಬಿಂದಿಗೆ ತಗಂಬಾ."