ಮೀನಿನ ಬುಟ್ಟಿ ನಮ್ಮ ಗೇಟು ದಾಟಿ ಹೋದದ್ದು

ನನ್ನ ಈ ಸ್ಕ್ರ್ಯಾಪ್‌ಬುಕ್ ಓದುವ ಮಿತ್ರರೇ, ಅಮದಳ್ಳಿಯ ನಮ್ಮ ಮನೆಗೂ ಮೀನು ಮಾರುವ ದೇವಮ್ಮನಿಗೂ ಇದ್ದ ರಾಜತಾಂತ್ರಿಕ ಸಂಬಂಧ ಇಂದು ಬೆಳಿಗ್ಗೆ ಕಡಿದುಬಿತ್ತೆಂದು ಘೋಷಿಸುತ್ತೇನೆ. ದಿನಾ ಕೂಗುವವಳು ಇವತ್ತು ಗೇಟಿನತ್ತ ನೋಡದೆ ಹೋದಳು.

“ನಿನ್ನೆ ಬಂಗಡೆ ಮೆತ್ತಗಿದೆ ಅಂದೆನಲ್ಲ, ಅದಕ್ಕೇ ಸಿಟ್ಟು,” ಎಂದಳು ಹೆಂಡತಿ. ಆ ಮಾತನ್ನೇ ನೂರು ಸಲ ಅಗಿದು ತಿಂಡಿ ಬಿಟ್ಟಳು, ತಲೆನೋವು ತಂದುಕೊಂಡಳು.

ಮಧ್ಯಾಹ್ನ ಖಾಲಿ ಬುಟ್ಟಿಯೊಡನೆ ಮರಳುತ್ತಿದ್ದವಳನ್ನು ಹೆಂಡತಿ ಓಡಿಹೋಗಿ ತಡೆದಳು. “ನನ್ನ ಮೇಲೆ ಸಿಟ್ಟಾ ದೇವಮ್ಮ?”

“ಸಿಟ್ಟು ಎಂತಕ್ಕೆ ಅಮ್ಮಾ? ಇವತ್ತು ಸೋಮವಾರ ಅಲ್ರಾ! ನೀವು ಮೀನು ತಿನ್ನೂದಿಲ್ಲ ಅಂತ ಕೂಗ್ಲಿಲ್ಲ.”

ಸಾಲು ರಜೆಯಲ್ಲಿ ನಮಗಿಬ್ಬರಿಗೂ ವಾರವೇ ಮರೆತಿತ್ತು. ಹೆಂಡತಿ ನಕ್ಕು ಹೊಟ್ಟೆತುಂಬ ಉಂಡಳು. ಕೈ ತೊಳೆಯುತ್ತ ಕೇಳಿದಳು: “ಈಗ ದೇವಮ್ಮ ನನ್ನ ಬಗ್ಗೆ ಏನಂದುಕೊಂಡಳೋ?”

ನಾಳೆ ಈ ದಾರಿಯಾಗಿ ಹೋಗುವವರು, ಎಷ್ಟೇ ಗಡಿಬಿಡಿಯಿರಲಿ, ನಮ್ಮ ಗೇಟಿನತ್ತ ಒಮ್ಮೆ ಕೈಬೀಸಿ ಹೋಗಿ.