ಎಲ್ಡನ್ ಕೊಂಡುಕೊಳ್ಳದ ರೈಫಲ್ಲು

ಎಲ್ಡನ್ ಗ್ರೆಟಾಳ ಬಂದೂಕಿನಂಗಡಿಗೆ ಬರದೆ ಮೊಂಟಾನಾದ ಆ ಊರಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಶುರುವಾದದ್ದೇ ಇಲ್ಲ. ಬಂದವನು ಮೂಲೆಯಲ್ಲಿ ರಿಯಾಯಿತಿ ಚೀಟಿ ಹೊತ್ತು ನಿಂತ ಅದೇ ಹಳೆಯ ರೈಫಲ್ಲನ್ನು ಎತ್ತಿ, ಹೆಣ್ಣು ನೋಡಲು ಬಂದ ಬೀಗರಂತೆ ಕೊಂಕು ತೆಗೆಯುತ್ತಾನೆ. "ಅಗ್ಗ ಏನೋ ಹೌದು ಗ್ರೆಟಾ, ಆದ್ರೆ ಈ ಅಳತೆ ತೋಟಾ ಈ ಸೀಮೇಲಿ ಎಲ್ಲಿ ಸಿಗುತ್ತೆ? ಗುಂಡಿಲ್ಲದ ಬಂದೂಕು ಊರುಗೋಲಿಗಿಂತ ಕಡೆ." "ಹನ್ನೊಂದು ವರ್ಷದಿಂದ ಇದೇ ರಾಗ. ತಗೋ, ಇಲ್ಲಾ ಬಿಡು ಮಾರಾಯ." "ಯೋಚ್ನೆ ಮಾಡ್ತೀನಿ." ಹಲ್ಲು ಕೀಳಿಸುವುದಕ್ಕೂ ಹೀಗೇ ಯೋಚಿಸಿದ್ದ, ಹಲ್ಲೇ ಬೇಸತ್ತು ಉದುರಿತು. ಮದುವೆಗೂ ಯೋಚಿಸಿದ್ದ, ಹುಡುಗಿಗೆ ಈಗ ಮೊಮ್ಮಕ್ಕಳು. ಗ್ರೆಟಾ ಕಾಫಿ ಬಗ್ಗಿಸಲು ಬೆನ್ನು ತಿರುಗಿಸಿದಾಗ ಮಾತ್ರ ಅವನ ಕೈ ಚುರುಕಾಗುತ್ತದೆ. ಜೇಬಿನಿಂದ ಒಂದು ಖಾಲಿ ಹಿತ್ತಾಳೆ ತೋಟಾ ಹೊರಬರುತ್ತದೆ. ಹನ್ನೆರಡು ವರ್ಷದ ಹಿಂದೆ ಬೇಟೆಗೆ ಹೋದ ಅವನ ತಮ್ಮ ವೆಂಡೆಲ್ ಕಾಣೆಯಾದ ಕಣಿವೆಯಲ್ಲಿ, ಹಿಮ ಕರಗಿದ ಮೇಲೆ ಸಿಕ್ಕಿದ್ದು ಅದೊಂದೇ; ಅದು ವೆಂಡೆಲ್‌ನ ಬಂದೂಕಿನದಲ್ಲ. ಹಾರಿಸಿದ ತೋಟಾದ ಚಿಪ್ಪು ತನ್ನನ್ನು ಸಿಡಿಸಿದ ಬಂದೂಕಿನ ಅಳತೆಗೇ ಹಿಗ್ಗುತ್ತದೆ, ಬೇರೆ ಬಂದೂಕಿಗೆ ಹಾಕಿದರೆ ಬಿಗಿದು ನಿಲ್ಲುತ್ತದೆ. ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವ ಆ ಊರಿನ ಎಲ್ಲರಿಗೂ ಇದು ಗೊತ್ತು. ಈ ಸಲವಾದರೂ ಬಿಗಿಯಲಿ ಎಂದುಕೊಂಡು ಅದನ್ನು ರೈಫಲ್ಲಿನೊಳಗಿಟ್ಟು ಚಿಲಕ ತಳ್ಳುತ್ತಾನೆ. ಪ್ರತಿ ವರ್ಷವೂ ಅದು, ತನ್ನ ಹಾಸಿಗೆಗೆ ಮರಳಿದಂತೆ, ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ಗೋಡೆಯ ಮೇಲಿನ ಎಲ್ಕ್ ತಲೆ ಗಾಜಿನ ಕಣ್ಣಿಂದ ನೋಡುತ್ತಿರುತ್ತದೆ. ಈ ವರ್ಷ ಗ್ರೆಟಾ ತಿರುಗದೆಯೇ ಕೇಳಿದಳು: "ಇದನ್ನ ಮಾರೋಕೆ ತಂದಿಟ್ಟೋರು ಯಾರು ಅಂತ ನೀನು ಒಂದ್ಸಲಾನೂ ಕೇಳ್ಲಿಲ್ವಲ್ಲ ಎಲ್ಡನ್. ಹೇಳ್ಲಾ?" ಎಲ್ಡನ್ ತೋಟಾವನ್ನು ಜೇಬಿಗಿಳಿಸಿ, ರೈಫಲ್ಲನ್ನು ಮೆಲ್ಲಗೆ ಮೂಲೆಗೆ ಒರಗಿಸಿದ. "ಯೋಚ್ನೆ ಮಾಡ್ತೀನಿ," ಅಂದ.